ಬೆಳಗಿನ ರೈಲಿನಲ್ಲಿ ಬಟ್ಟೆಯ ಗಂಟು ಕೊಡುವವರಿಗೆ

ಕೋರಮಂಡಲ್, ಕೆ.ಜಿ.ಎಫ್.

ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್, ಬೆಮೆಲ್ ನಗರ, ಬಂಗಾರಪೇಟೆಯಲ್ಲಿ ಬೆಳಗಿನ ಬೆಂಗಳೂರು ರೈಲು ಹತ್ತುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ನಾನು ಯಾರೆಂದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಬೆಂಗಳೂರಿನ ಡ್ರೈಕ್ಲೀನಿಂಗ್ ಅಂಗಡಿಯೊಂದರಲ್ಲಿ ಕಲೆ ತೆಗೆಯುವ ಮೇಜಿನ ಮುಂದೆ ನಿಂತು ದುಡಿಯುವವನು. ಕೋರಮಂಡಲ್‌ನಲ್ಲಿ ನಾನು ಡಬ್ಬಿ ಹತ್ತುವುದೇ ತಡ, ‘ಅಣ್ಣಾ, ಇದೊಂದು ಡ್ರೈಕ್ಲೀನ್ ಮಾಡಿಸ್ಕೊಂಡು ಬನ್ನಿ’ ಎಂದು ಕವರುಗಳು ಕೈ ಬದಲಾಯಿಸುತ್ತ ನನ್ನ ಹತ್ತಿರ ಬಂದು ಸೇರುತ್ತವೆ. ಮದುವೆ ಸೀಸನ್ನಿನಲ್ಲಂತೂ ನನಗೆ ಕೂರಲು ಜಾಗವಿಲ್ಲದಿದ್ದರೂ ನಿಮ್ಮ ಕವರುಗಳಿಗೆ ಜಾಗ ಸಿಕ್ಕಿರುತ್ತದೆ. ಆ ಬಗ್ಗೆ ನನ್ನ ತಕರಾರಿಲ್ಲ. ಊರಿನವರ ಬಟ್ಟೆ ಹೊತ್ತರೆ ಭಾರವಾಗುವುದಿಲ್ಲ.

ತಕರಾರಿರುವುದು ಕವರಿನೊಳಗಿನ ಬಟ್ಟೆಯ ಬಗ್ಗೆ. ಮನೆಯಲ್ಲಿ ಒಗೆದರೆ ಇನ್ನೂ ಚೆನ್ನಾಗಿ ಕೊಳೆ ಬಿಡುವ ಬಟ್ಟೆಗೆ ನೀವು ನೂರಾರು ರೂಪಾಯಿ ಕೊಡುತ್ತಿದ್ದೀರಿ. ನೀರು ಸೋಕಿಸಲೇಬಾರದ ಬಟ್ಟೆಯನ್ನು ಮನೆಯಲ್ಲಿ ಬಕೆಟ್ಟಿಗೆ ಹಾಕಿ, ಕೆಟ್ಟ ಮೇಲೆ ‘ಏನಾದ್ರೂ ಮಾಡಿ ಸರಿಮಾಡ್ಸಿ’ ಎಂದು ತರುತ್ತಿದ್ದೀರಿ. ರೈಲಿನ ಗದ್ದಲದಲ್ಲಿ ಒಬ್ಬೊಬ್ಬರಿಗೆ ಬಿಡಿಸಿ ಹೇಳಲು ಆಗುವುದಿಲ್ಲ, ಟಿನ್ ಫ್ಯಾಕ್ಟರಿ ಕಡೆ ಹೋಗುವವರು ಕೃಷ್ಣರಾಜಪುರದಲ್ಲೇ ಇಳಿದುಬಿಡುತ್ತಾರೆ. ಅದಕ್ಕೇ ಎಲ್ಲರಿಗೂ ಸೇರಿಸಿ ಈ ಕಾಗದ.

ಮೊದಲು ಒಳಗೆ ಏನು ನಡೆಯುತ್ತದೆಂದು ಹೇಳಿಬಿಡುತ್ತೇನೆ. ಡ್ರೈಕ್ಲೀನಿಂಗ್ ಮೆಷಿನ್ ನೋಡಲು ದೊಡ್ಡ ವಾಷಿಂಗ್ ಮೆಷಿನ್ನಿನ ಹಾಗೇ ಇರುತ್ತದೆ. ಮುಂದೆ ಗುಂಡನೆಯ ಗಾಜಿನ ಬಾಗಿಲು, ಒಳಗೆ ತಿರುಗುವ ಡ್ರಮ್ಮು. ಬಟ್ಟೆ ಪೂರ್ತಿ ನೆನೆಯುತ್ತದೆ. ನೆನೆಯುವುದು ನೀರಿನಲ್ಲಲ್ಲ, ಎಣ್ಣೆ ಜಿಡ್ಡನ್ನು ಕರಗಿಸುವ ದ್ರಾವಣದಲ್ಲಿ. ಆ ದ್ರಾವಣ ಸೋಸಿಕೊಂಡು ಮತ್ತೆ ಮತ್ತೆ ಬಟ್ಟೆಯ ಮೂಲಕ ಹರಿಯುತ್ತದೆ. ಆಮೇಲೆ ಹಿಂಡಿ, ಬಿಸಿಗಾಳಿ ಬಿಟ್ಟು ಒಣಗಿಸಿದಾಗ ಹೊರಡುವ ಆವಿಯನ್ನು ತಣಿಸಿ ಮತ್ತೆ ಟ್ಯಾಂಕಿಗೆ ಇಳಿಸುತ್ತಾರೆ. ಕೊಳೆಯಾದ ದ್ರಾವಣವನ್ನು ಭಟ್ಟಿ ಇಳಿಸಿ ಶುದ್ಧ ಮಾಡಿಕೊಳ್ಳುತ್ತಾರೆ. ಬೆಮೆಲ್‌ನಲ್ಲಿ ಶಿಫ್ಟ್ ಮುಗಿಸಿದವರು ಕೈಗೆ ಮೆತ್ತಿದ ಗ್ರೀಸನ್ನು ಮೊದಲು ಸೀಮೆಎಣ್ಣೆಯಲ್ಲಿ ಉಜ್ಜಿ ಆಮೇಲೆ ಸೋಪು ಮುಟ್ಟುತ್ತಾರಲ್ಲ, ನಮ್ಮ ಮೆಷಿನ್ ಮಾಡುವುದೂ ಆ ಮೊದಲ ಕೆಲಸವನ್ನೇ.

ಇದೇನೂ ಹೊಸ ವಿದ್ಯೆಯಲ್ಲ. 1821ರಲ್ಲಿ ನ್ಯೂಯಾರ್ಕಿನ ಥಾಮಸ್ ಜೆನ್ನಿಂಗ್ಸ್ ಎಂಬ ದರ್ಜಿ ಬಟ್ಟೆ ಶುಚಿ ಮಾಡುವ ಇಂಥದೊಂದು ವಿಧಾನಕ್ಕೆ ಪೇಟೆಂಟ್ ಪಡೆದ. ಅಮೆರಿಕದಲ್ಲಿ ಪೇಟೆಂಟ್ ಪಡೆದ ಮೊದಲ ಕರಿಯ ಅವನೇ ಎನ್ನುತ್ತಾರೆ. ಪ್ಯಾರಿಸ್ಸಿನವರು ಬೇರೆ ಕಥೆ ಹೇಳುತ್ತಾರೆ. ಜೋಲಿ ಎಂಬ ಬಣ್ಣಗಾರನ ಮನೆಯಲ್ಲಿ ಮೇಜಿನ ಹಾಸಿನ ಮೇಲೆ ದೀಪದ ಎಣ್ಣೆ ಚೆಲ್ಲಿತಂತೆ, ಚೆಲ್ಲಿದ ಕಡೆ ಹಾಸು ಬೆಳ್ಳಗಾಯಿತಂತೆ. ಕಥೆ ಹೇಗೇ ಇರಲಿ, ಟರ್ಪೆಂಟೈನ್, ಬೆಂಜೀನ್, ಪೆಟ್ರೋಲ್ ಎಲ್ಲವನ್ನೂ ಒಂದೊಂದು ಕಾಲದಲ್ಲಿ ಬಳಸಿದರು. ಬೆಂಕಿ ಬಿದ್ದು ಅಂಗಡಿಗಳು ಸುಟ್ಟವು. ಹಾಗಾಗಿ ಬೆಂಕಿ ಹತ್ತದ ದ್ರಾವಣ ಹುಡುಕಿ ಕೊನೆಗೆ ಪರ್‌ಕ್ಲೋರೋಎಥಿಲೀನ್ ಎಂಬುದಕ್ಕೆ ಬಂದು ನಿಂತರು. ನಮ್ಮ ಕಸುಬಿನಲ್ಲಿ ಅದಕ್ಕೆ ಬರೀ ‘ಪರ್ಕ್’. ನೀರಿಗಿಂತ ಒಂದೂವರೆ ಪಟ್ಟಿಗೂ ಮಿಕ್ಕಿದ ತೂಕ, ಮೂಗಿಗೆ ಸಿಹಿಯಾದೊಂದು ವಾಸನೆ. ಸಣ್ಣ ಅಂಗಡಿಗಳಲ್ಲಿ ಪರ್ಕ್ ಮೆಷಿನ್ ಇರುವುದಿಲ್ಲ. ಅಲ್ಲಿ ಮಿನರಲ್ ಟರ್ಪೆಂಟೈನಿನಲ್ಲಿ ಅದ್ದಿ, ಹಿಂಡಿ, ಮಹಡಿಯ ಮೇಲೆ ಹರವುತ್ತಾರೆ. ಜನ ‘ಪೆಟ್ರೋಲ್ ವಾಷ್’ ಎನ್ನುವುದು ಇದಕ್ಕೆ.

ಈಗ ನೀವು ನೆನಪಿಡಬೇಕಾದ ಮಾತು. ಈ ದ್ರಾವಣ ಎಣ್ಣೆ, ತುಪ್ಪ, ಲಿಪ್‌ಸ್ಟಿಕ್, ಮೇಣ, ಕತ್ತಿನ ಪಟ್ಟಿಯ ಜಿಡ್ಡು ಇವನ್ನೆಲ್ಲ ಎತ್ತುತ್ತದೆ. ಉಪ್ಪು, ಸಕ್ಕರೆ, ಬೆವರು, ಕಾಫಿ, ರಕ್ತದ ಹತ್ತಿರ ಅದರ ಆಟ ನಡೆಯುವುದಿಲ್ಲ. ಅವು ನೀರಿಗೆ ಬಿಡುವ ಕೊಳೆ. ಹತ್ತಿಯ ಅಂಗಿ, ಬಿಳಿ ಯೂನಿಫಾರ್ಮು, ಬನಿಯನ್ನು, ಬೆಡ್‌ಶೀಟು ಕೊಳೆಯಾಗುವುದು ಮುಖ್ಯವಾಗಿ ಬೆವರಿನಿಂದ. ಅದನ್ನು ಡ್ರೈಕ್ಲೀನಿಂಗ್‌ಗೆ ಕೊಟ್ಟರೆ ಇಸ್ತ್ರಿಯ ಗರಿಯಲ್ಲಿ ಹೊಸದರಂತೆ ಕಂಡೀತು, ಬೆವರಿನ ಉಪ್ಪು ಅಲ್ಲೇ ಕೂತಿರುತ್ತದೆ. ಬಿಳಿ ಬಟ್ಟೆಯನ್ನು ಹೀಗೆ ಮತ್ತೆ ಮತ್ತೆ ಕೊಟ್ಟರೆ ಬೇರೆ ಬಟ್ಟೆಯ ಕೊಳೆ ಅದಕ್ಕೆ ಅಂಟಿ ಬೂದು ಬಣ್ಣಕ್ಕೆ ತಿರುಗುವುದೂ ಉಂಟು. ಮಾಲ್‌ನಲ್ಲಿ ಸೆಕ್ಯುರಿಟಿ ಕೆಲಸ ಮಾಡುವ ತಮ್ಮಂದಿರೇ, ಶೋರೂಮಿನ ಕೌಂಟರಿನಲ್ಲಿ ನಿಲ್ಲುವ ತಂಗಿಯರೇ, ನಿಮ್ಮ ಯೂನಿಫಾರ್ಮು ಇನ್ನು ಮೇಲೆ ನನ್ನ ಕೈಗೆ ಬರುವುದು ಬೇಡ. ಉಗುರುಬೆಚ್ಚಗಿನ ನೀರು, ಸೋಪಿನ ಪುಡಿ, ಕಾಲರಿಗೊಂದು ಬ್ರಷ್ಷು ಸಾಕು. ಗಂಜಿ ಹಾಕಿ ಉಡುವ ಹತ್ತಿ ಸೀರೆಗೂ ಇದೇ ಮಾತು. ಗಂಜಿ ನೀರಿನಿಂದ ಬಂದದ್ದು, ನೀರಿಗೇ ಹೋಗಬೇಕು.

ಹಾಗಾದರೆ ಯಾವುದನ್ನು ಕೊಡಬೇಕು? ಕೋಟಿನಿಂದ ಶುರುಮಾಡುತ್ತೇನೆ. ನಮ್ಮೂರಿಗೂ ಕೋಟಿಗೂ ಹಳೆಯ ನಂಟು. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗೆ ಕೈ ಹಾಕಿದ ಮೇಲೆ ಬಂದ ಬಿಳಿಯರು ಬಂಗಲೆ, ಕ್ಲಬ್ಬು, ಚರ್ಚು ಕಟ್ಟಿಕೊಂಡು ಇದನ್ನು ಪುಟ್ಟ ಇಂಗ್ಲೆಂಡ್ ಎಂದು ಕರೆದರು. ಅವರು ಹೋದರೂ ಕೋಟು ಹೋಗಲಿಲ್ಲ. ಕ್ರಿಸ್‌ಮಸ್ಸಿಗೆ ಸೂಟು ಹಾಕದೆ ಚರ್ಚಿಗೆ ಹೋಗದ ಮನೆಗಳು ಇಲ್ಲಿ ಇವತ್ತಿಗೂ ಇವೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಗಣಿಯ ಸಂಬಳದಲ್ಲಿ ಹೊಲಿಸಿದ ಅಪ್ಪನ ಉಣ್ಣೆ ಕೋಟು ಮಾತ್ರ ಟ್ರಂಕಿನಲ್ಲಿ ನುಸಿ ಗುಳಿಗೆಯ ಜೊತೆ ಭದ್ರವಾಗಿದೆ. ಮಗನ ಮದುವೆಗೆ ಅದನ್ನು ತೆಗೆದು, ಧೂಳು ಕಂಡು, ಪ್ರೀತಿಯಿಂದ ಬಕೆಟ್ಟಿನಲ್ಲಿ ನೆನೆಸಿ ಒಗೆದವರನ್ನು ನಾನು ಬಲ್ಲೆ. ಒಗೆದಾದ ಮೇಲೆ ಅದು ಹತ್ತು ವರ್ಷದ ಹುಡುಗನಿಗೆ ಸರಿಹೋಗುವ ಹಾಗಾಗಿತ್ತು.

ಉಣ್ಣೆಯ ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೀನಿನ ಮೈಯಲ್ಲಿರುವಂಥ ಹುರುಪೆಗಳು ಕಾಣುತ್ತವೆ. ಬಿಸಿನೀರು, ಸೋಪು, ಕೈಯ ಉಜ್ಜಾಟ ಮೂರೂ ಸೇರಿದರೆ ಎಳೆಗಳು ಒಂದರೊಳಗೊಂದು ಸಿಕ್ಕಿಕೊಂಡು ಬಿಗಿಯುತ್ತವೆ, ಮತ್ತೆ ಬಿಡುವುದಿಲ್ಲ. ಕಂಬಳಿ ಮಾಡುವವರು ಬೇಕೆಂದೇ ಹೀಗೆ ಬಿಗಿಸುತ್ತಾರೆ, ನಿಮ್ಮ ಕೋಟಿಗೆ ಅದು ಬೇಡ. ದ್ರಾವಣದಲ್ಲಿ ಉಣ್ಣೆಯ ಎಳೆ ಉಬ್ಬುವುದಿಲ್ಲವಾದ್ದರಿಂದ ಈ ತೊಂದರೆ ಬಹಳ ಕಡಿಮೆ.

‘ನಮ್ಮದು ಉಣ್ಣೆಯಲ್ಲ, ಪಾಲಿಯೆಸ್ಟರ್ ಬ್ಲೇಜರ್. ಅದನ್ನು ಒಗೆಯಬಹುದಲ್ವಾ?’ ಎಂದು ಇಂಟರ್‌ವ್ಯೂಗೆ ಹೊರಟ ಹುಡುಗರು ಕೇಳುತ್ತಾರೆ. ಪ್ರಶ್ನೆ ಒಳ್ಳೆಯದೇ. ಮೇಲಿನ ಬಟ್ಟೆ ಪಾಲಿಯೆಸ್ಟರ್ ಇರಬಹುದು. ಅದರ ಒಳಗೆ ಎದೆಯ ಭಾಗಕ್ಕೆ ಅಂಟಿಸಿದ ಗಟ್ಟಿ ಬಟ್ಟೆಯೊಂದಿದೆ, ಭುಜಕ್ಕೆ ಪ್ಯಾಡ್ ಇದೆ, ಲೈನಿಂಗ್ ಇದೆ. ನೀರಿಗೆ ಬಿದ್ದರೆ ಒಂದೊಂದೂ ಒಂದೊಂದು ಅಳತೆಗೆ ಕುಗ್ಗುತ್ತದೆ. ಅಂಟು ಬಿಟ್ಟ ಕಡೆ ಎದೆಯ ಮೇಲೆ ಗುಳ್ಳೆ ಏಳುತ್ತದೆ. ಆ ಗುಳ್ಳೆಯನ್ನು ಇಸ್ತ್ರಿಯಿಂದ ಕೂರಿಸುವ ಯಾವ ಮಂತ್ರವೂ ನನ್ನಲ್ಲಿಲ್ಲ. ಹಾಗಾಗಿ ಯಾವ ನೂಲಿನದೇ ಆಗಲಿ, ಒಳಗೆ ಪ್ಯಾಡು ಲೈನಿಂಗು ಇರುವ ಕೋಟು, ಬ್ಲೇಜರ್, ಶೇರ್ವಾನಿ ಡ್ರೈಕ್ಲೀನಿಂಗ್‌ಗೇ ಹೋಗಬೇಕು. ಅದರ ಜೊತೆಯ ಟೆರಿಕಾಟ್ ಪ್ಯಾಂಟನ್ನು ಮನೆಯಲ್ಲಿ ಒಗೆಯಿರಿ. ಇನ್ನೊಂದು ಮಾತು: ಸೂಟಿನ ಕೋಟು ಪ್ಯಾಂಟು ಎರಡೂ ಒಂದೇ ಬಟ್ಟೆಯವಾಗಿದ್ದು ಉಣ್ಣೆಯವಾಗಿದ್ದರೆ ಜೋಡಿಯಾಗಿಯೇ ಕೊಡಿ, ಇಲ್ಲದಿದ್ದರೆ ನಾಲ್ಕಾರು ಸಲಕ್ಕೆ ಬಣ್ಣದಲ್ಲಿ ಅಣ್ಣ ತಮ್ಮ ಬೇರೆಯಾಗುತ್ತಾರೆ.

ಕೋಟನ್ನು ಹಾಕಿದಾಗಲೆಲ್ಲ ಕೊಡಬೇಕಾಗಿಯೂ ಇಲ್ಲ. ದ್ರಾವಣ, ಬಿಸಿಗಾಳಿ, ಪ್ರೆಸ್ಸು ಇವು ಬಟ್ಟೆಯ ಆಯುಸ್ಸನ್ನು ಸ್ವಲ್ಪ ಸ್ವಲ್ಪವೇ ತಿನ್ನುತ್ತವೆ. ಕಲೆಯಿಲ್ಲದಿದ್ದರೆ ಬ್ರಷ್ ಮಾಡಿ, ದಪ್ಪ ಹ್ಯಾಂಗರಿಗೆ ಹಾಕಿ, ಒಂದು ರಾತ್ರಿ ಗಾಳಿಗೆ ಬಿಡಿ. ವರ್ಷಾನುಗಟ್ಟಲೆ ಟ್ರಂಕಿಗೆ ಸೇರಿಸುವ ಮುನ್ನ ಮಾತ್ರ ತಪ್ಪದೆ ಕೊಡಿ. ನುಸಿ ಹುಳಕ್ಕೆ ಬರೀ ಉಣ್ಣೆಗಿಂತ ಬಿರಿಯಾನಿಯ ಜಿಡ್ಡು ಹತ್ತಿದ ಉಣ್ಣೆ ಇಷ್ಟ.

ಬ್ರಷ್ಷಿನ ಮಾತು ಬಂದದ್ದರಿಂದ ನಮ್ಮ ಧೂಳಿನ ಬಗ್ಗೆ ಹೇಳಲೇಬೇಕು. ಬೇರೆ ಊರಿನವರಿಗಿಲ್ಲದ ಭಾಗ್ಯ ನಮಗಿದೆ, ಸೈನೈಡ್ ದಿಬ್ಬಗಳು. ಬಂಡೆಯನ್ನು ಹಿಟ್ಟಿನಂತೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿಕೊಂಡು, ಉಳಿದದ್ದನ್ನು ರಾಶಿ ಹಾಕಿದ್ದೇ ಆ ದಿಬ್ಬ. ಗಾಳಿಯ ಕಾಲದಲ್ಲಿ ಅದರ ನುಣ್ಣನೆಯ ಮರಳು ಕಿಟಕಿ ಸಂದಿಯಿಂದ ಬಂದು ಬೀರುವಿನೊಳಗೂ ಕೂರುತ್ತದೆ. ಅದು ಕಲ್ಲಿನ ಪುಡಿ. ನೀರಿಗೂ ಕರಗದು, ನಮ್ಮ ದ್ರಾವಣಕ್ಕೂ ಕರಗದು. ಒದ್ದೆ ಕೈಯಲ್ಲಿ ಒರೆಸಿದರೆ ನೂಲಿನ ನಡುವೆ ಇಳಿದು, ಮಡಿಕೆ ಬಿದ್ದ ಕಡೆ ಎಳೆಯನ್ನು ಕೊಯ್ಯುತ್ತದೆ. ನಮ್ಮೂರಿನ ಕೋಟುಗಳ ಮೊಣಕೈ, ಸೀರೆಗಳ ಮಡಿಕೆ ಬೇಗ ಸವೆಯುವುದಕ್ಕೆ ಇದೂ ಒಂದು ಕಾರಣ ಎಂದೇ ನನ್ನ ಲೆಕ್ಕ. ಮನೆಯಲ್ಲಿ ಒಗೆಯುವುದಿರಲಿ, ನನಗೆ ಕೊಡುವುದಿರಲಿ, ಬಟ್ಟೆ ಒಣಗಿರುವಾಗಲೇ ಬಾಗಿಲಾಚೆ ಹಿಡಿದು ಕೊಡವಿ, ಮೆತ್ತನೆಯ ಬ್ರಷ್ಷಿನಲ್ಲಿ ಎಳೆಯುದ್ದಕ್ಕೆ ಗುಡಿಸಿ. ಬೀರುವಿನಲ್ಲಿಡುವ ರೇಷ್ಮೆಗೆ ಹಳೆಯ ಹತ್ತಿ ಪಂಚೆ ಸುತ್ತಿ.

ಇನ್ನು ರೇಷ್ಮೆ. ಇದಕ್ಕೆ ತುಸು ಹೊತ್ತು ಬೇಕು, ಅಕ್ಕಂದಿರು ಸಮಾಧಾನದಿಂದ ಓದಬೇಕು.

ರೇಷ್ಮೆಯೂ ಉಣ್ಣೆಯಂತೆ ಪ್ರಾಣಿಯಿಂದ ಬಂದ ಎಳೆ, ಅದೂ ಪ್ರೋಟೀನು. ಸೋಡ ಹಾಕಿದ ಸೋಪಿನ ಪುಡಿ ಅದರ ಹೊಳಪನ್ನು ತಿನ್ನುತ್ತದೆ. ಬ್ಲೀಚಿಂಗ್ ದ್ರಾವಣದಲ್ಲಂತೂ ರೇಷ್ಮೆ ಕರಗಿಯೇ ಹೋಗುತ್ತದೆ. ಅದರ ಜೊತೆಗೆ ಜರಿ. ನಮ್ಮ ಕೆ.ಎಸ್.ಐ.ಸಿ. ಮೈಸೂರು ಸಿಲ್ಕಿನ ಜರಿಯಲ್ಲಿ ಬೆಳ್ಳಿ ಶೇ 65, ಚಿನ್ನ ಶೇ 0.65. ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಚಿನ್ನ ತೆಗೆದ ಊರಿನವರಿಗೆ ಇಷ್ಟು ಚಿನ್ನ ಕಣ್ಣಿಗೆ ಕಾಣದಿರಬಹುದು, ಆದರೂ ಆ ಜರಿಗೆ ಹೊಳಪು ಕೊಡುವುದು ಅದೇ ತೆಳು ಲೇಪ. ಉಜ್ಜಿದರೆ ಲೇಪ ಹೋಗಿ ಬೆಳ್ಳಿ ಮೇಲೆ ಬರುತ್ತದೆ, ಬೆಳ್ಳಿ ಗಾಳಿಯ ಗಂಧಕಕ್ಕೆ ಕಪ್ಪಾಗುತ್ತದೆ. ಸೆಂಟು ಹೊಡೆಯುವುದು, ನುಸಿ ಗುಳಿಗೆಯನ್ನು ಜರಿಗೆ ತಾಗುವಂತೆ ಇಡುವುದು ಬೇಡ. ಗುಳಿಗೆ ಬೇಕೇ ಬೇಕೆಂದರೆ ಬಟ್ಟೆಯಲ್ಲಿ ಕಟ್ಟಿ ಬೀರುವಿನ ಮೂಲೆಯಲ್ಲಿಡಿ.

ಅಂಚಿಗೊಂದು, ಮೈಗೊಂದು ಗಾಢ ಬಣ್ಣವಿರುವ ಕಂಚಿ, ಧರ್ಮಾವರಂ ಸೀರೆಗಳಿಗೆ ನೀರೆಂದರೆ ಆಗುವುದಿಲ್ಲ. ಮಾವಿನಹಣ್ಣಿನ ಬಣ್ಣದ ಮೈಗೆ ಕೆಂಪಂಚಿನ ಬಣ್ಣ ಹರಿದರೆ ಬ್ರಹ್ಮನಿಂದಲೂ ತೆಗೆಯಲಾಗದು. ಜರಿ ಹೆಚ್ಚಿದ್ದರೆ, ಬಣ್ಣ ಎರಡಿದ್ದರೆ, ಕೈಕಸೂತಿಯಿದ್ದರೆ ಡ್ರೈಕ್ಲೀನಿಂಗ್ ಎಂದು ನಿಶ್ಚಯಿಸಿಕೊಳ್ಳಿ. ಜರಿಯಿಲ್ಲದ ಒಂದೇ ಬಣ್ಣದ ರೇಷ್ಮೆ, ಸಾದಾ ರೇಷ್ಮೆ ಪಂಚೆ, ಮನೆಯಲ್ಲುಡುವ ಟಸ್ಸರ್ ಇವನ್ನು ಒಮ್ಮೆ ಪರೀಕ್ಷಿಸಿ ನೋಡಿ. ಒಳಗಿನ ಸೆರಗಿನ ತುದಿಯನ್ನು ಒದ್ದೆ ಬಿಳಿ ಬಟ್ಟೆಯ ನಡುವೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಬಿಳಿಗೆ ಬಣ್ಣ ಇಳಿಯದಿದ್ದರೆ ತಣ್ಣೀರಿನಲ್ಲಿ ಒಗೆಯಬಹುದು.

ಎಂಥ ತಣ್ಣೀರು ಎಂಬುದೂ ಮುಖ್ಯ. ನಮ್ಮ ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ, ಮೊಸರಿನಂತೆ ಒಡೆಯುತ್ತದೆ. ಆ ನೀರಿನ ಸುಣ್ಣ ಸೋಪಿನ ಜೊತೆ ಸೇರಿ ಆಗುವ ಗಸಿ ಅದು. ಹತ್ತಿಯ ಮೇಲೆ ಅದು ಗೊತ್ತಾಗುವುದಿಲ್ಲ, ರೇಷ್ಮೆಯ ಮೇಲೆ ಬಿಳಿಚಿದ ಪೊರೆಯಾಗಿ ಕೂರುತ್ತದೆ. ಬೇತಮಂಗಲದ ನೀರು ನಲ್ಲಿಯಲ್ಲಿ ಬರುತ್ತಿದ್ದ ಕಾಲ ನೆನೆಯುತ್ತ ಕೂತರೆ ಬಟ್ಟೆ ಒಗೆದಂತಾಗುವುದಿಲ್ಲ. ಮಳೆನೀರು ಹಿಡಿದಿಟ್ಟುಕೊಂಡಿದ್ದರೆ ಅದೇ ಉತ್ತಮ, ಇಲ್ಲದಿದ್ದರೆ ಊರಿನ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತಂದು ರೇಷ್ಮೆಗೆಂದು ಮೀಸಲಿಡಿ. ಸೋಪಿನ ಬದಲು ಅಂಟುವಾಳ ಕಾಯಿ ನೆನೆಸಿದ ನೀರು ಬಳಸಿ. ಗಡಸು ನೀರಿನಲ್ಲೂ ಅದು ಸೋಪಿನಂತೆ ಗಸಿ ಕಟ್ಟುವುದಿಲ್ಲ. ನಮ್ಮ ಅಜ್ಜಿಯರು ಅದನ್ನೇ ಹಾಕುತ್ತಿದ್ದುದಕ್ಕೆ ಕಾರಣವಿತ್ತು. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಒಣಗಿಸಿ.

ಒಂದೇ ಮದುವೆಗೆ ಉಟ್ಟ ಸೀರೆಯನ್ನು ಮರುದಿನವೇ ತರುವವರಿದ್ದೀರಿ. ಮೂರು ಗಂಟೆ ಉಟ್ಟು, ಕಲೆಯಾಗದಿದ್ದರೆ ಏಕೆ ಕೊಡಬೇಕು? ನೆರಳಿನಲ್ಲಿ ಹರವಿ ಬೆವರು ಆರಿಸಿ, ಹಳೆಯ ಮಡಿಕೆ ಬಿಟ್ಟು ಬೇರೆ ಕಡೆ ಮಡಿಸಿಟ್ಟರೆ ಸಾಕು. ಸುಕ್ಕು ಹೋಗಬೇಕಷ್ಟೇ ಎಂದಾದರೆ ರೋಲ್ ಪ್ರೆಸ್ ಸಾಕು, ರಾಬರ್ಟ್‌ಸನ್‌ಪೇಟೆಯಲ್ಲೂ ಬಂಗಾರಪೇಟೆಯಲ್ಲೂ ಮಾಡಿಕೊಡುತ್ತಾರೆ. ಬೆಂಗಳೂರಿಗೆ ಕಳಿಸಬೇಕಾಗಿಲ್ಲ. ರವಿಕೆಯ ಕಂಕುಳಿನ ವಿಷಯ ಬೇರೆ. ಅಲ್ಲಿ ಸೇರುವ ಬೆವರನ್ನು ಡ್ರೈಕ್ಲೀನಿಂಗ್ ತೆಗೆಯುವುದಿಲ್ಲವೆಂದು ಆಗಲೇ ಹೇಳಿದೆ. ಬಣ್ಣ ಕಚ್ಚಿದ ಮೇಲೆ ಯಾರಿಂದಲೂ ಆಗದು. ಟೈಲರಿಗೆ ಹೇಳಿ ಹತ್ತಿಯ ಲೈನಿಂಗ್ ಹಾಕಿಸಿ.

ಡ್ರೈಕ್ಲೀನಿಂಗ್‌ಗೆ ಕೊಡಲೇಬಾರದವೂ ಇವೆ, ಇದನ್ನು ಯಾರೂ ನಿಮಗೆ ಹೇಳುವುದಿಲ್ಲ. ಮಗ್ಗಂ ವರ್ಕ್ ರವಿಕೆಯಲ್ಲಿ ಮಣಿಯನ್ನು ದಾರದಲ್ಲಿ ಹೊಲಿದಿದ್ದರೆ ಸರಿ. ಕಲ್ಲುಗಳನ್ನು ಅಂಟಿನಿಂದ ಅಂಟಿಸಿದ್ದರೆ ಪರ್ಕ್‌ನಲ್ಲಿ ಆ ಅಂಟು ಮೆತ್ತಗಾಗಿ ಕಲ್ಲುಗಳೆಲ್ಲ ಡ್ರಮ್ಮಿನ ತಳ ಸೇರುತ್ತವೆ. ಕೆಲವು ಪ್ಲಾಸ್ಟಿಕ್ ಚಮಕಿಗಳ ಬಣ್ಣ ಹೋಗುತ್ತದೆ, ಕೆಲವು ಗುಂಡಿಗಳು ಕರಗಿ ವಿಕಾರವಾಗುತ್ತವೆ. ರೆಕ್ಸಿನ್ ಜಾಕೆಟ್ ಹಪ್ಪಳದಂತೆ ಸೆಟೆದುಕೊಳ್ಳುತ್ತದೆ. ‘ಸಿಲ್ಕ್ ಸೀರೆ’ ಎಂದು ಅಗ್ಗಕ್ಕೆ ಕೊಂಡ ಪಾಲಿಯೆಸ್ಟರ್ ಸೀರೆಗೆ ಡ್ರೈಕ್ಲೀನಿಂಗ್ ದಂಡ. ಸೆರಗಿನ ತುದಿಯ ಒಂದು ಎಳೆ ಕಿತ್ತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಿನಲ್ಲಿ ಪುಡಿಯಾದರೆ ರೇಷ್ಮೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್, ಮನೆಯಲ್ಲೇ ಒಗೆಯಿರಿ. ಕೊಳ್ಳುವಾಗಲೇ ಸಿಲ್ಕ್ ಮಾರ್ಕ್ ಲೇಬಲ್ ನೋಡಿದರೆ ಈ ಸುಡುವ ಕೆಲಸವೂ ತಪ್ಪುತ್ತದೆ.

ರೆಡಿಮೇಡ್ ಬಟ್ಟೆಯಾದರೆ ಕತ್ತಿನ ಹಿಂದೆಯೋ ಪಕ್ಕದ ಹೊಲಿಗೆಯಲ್ಲೋ ಪುಟ್ಟ ಚೀಟಿಯಿರುತ್ತದೆ. ಚುಚ್ಚುತ್ತದೆಂದು ಕತ್ತರಿಸಿ ಎಸೆಯಬೇಡಿ. ನೀರಿನ ತೊಟ್ಟಿಯ ಚಿತ್ರವಿದ್ದರೆ ಒಗೆಯಬಹುದು, ತೊಟ್ಟಿಯೊಳಗೆ ಕೈ ಇದ್ದರೆ ಕೈಯಲ್ಲಿ ಮಾತ್ರ. ತೊಟ್ಟಿಯ ಮೇಲೆ ಅಡ್ಡಗೆರೆ ಎಳೆದಿದ್ದರೆ ನೀರು ಬೇಡ. ವೃತ್ತ ನಮ್ಮ ಗುರುತು. ಅದರಲ್ಲಿ ಇಂಗ್ಲಿಷಿನ ಪಿ ಅಕ್ಷರವಿದ್ದರೆ ಪರ್ಕ್ ನಡೆಯುತ್ತದೆ, ಎಫ್ ಇದ್ದರೆ ಪೆಟ್ರೋಲಿಯಂ ದ್ರಾವಣ ಮಾತ್ರ. ವೃತ್ತಕ್ಕೇ ಅಡ್ಡಗೆರೆಯಿದ್ದರೆ ನನ್ನ ಬಳಿಗೆ ತರಬೇಡಿ.

ಕಲೆಯ ವಿಷಯಕ್ಕೆ ಬರುತ್ತೇನೆ, ಅದು ನನ್ನ ಅನ್ನ. ಬಟ್ಟೆ ಮೆಷಿನ್ನಿಗೆ ಹೋಗುವ ಮುನ್ನ ನನ್ನ ಮೇಜಿಗೆ ಬರುತ್ತದೆ. ಸ್ಟೀಮ್ ಗನ್ನು, ಮೆತ್ತನೆ ಬ್ರಷ್ಷು, ಬೇರೆ ಬೇರೆ ಸೀಸೆಗಳು ಇರುತ್ತವೆ. ಎಣ್ಣೆಯ ಕಲೆಗೊಂದು ಮದ್ದು, ಕಾಫಿಗೊಂದು, ರಕ್ತಕ್ಕೊಂದು. ತಪ್ಪು ಮದ್ದು ಬಿದ್ದರೆ ಕಲೆ ಜನ್ಮಕ್ಕಂಟುತ್ತದೆ. ಕಲೆ ಯಾವುದರದೆಂದು ನನಗೆ ಹೇಳಬೇಕಾದವರು ನೀವು. ನೀವೋ ನಾಚಿಕೆಪಟ್ಟು ಕಲೆಯ ಭಾಗವನ್ನೇ ಒಳಗೆ ಮಡಿಸಿ ಕೊಡುತ್ತೀರಿ.

ಅರಿಶಿನವನ್ನೇ ನೋಡಿ. ಮದುವೆ ಮನೆಯಲ್ಲಿ ಸೀರೆಗೆ ಅರಿಶಿನ ಬಿದ್ದ ತಕ್ಷಣ ಯಾರೋ ಒಬ್ಬ ಅತ್ತೆ ಬಂದು ಸೋಪು ತಿಕ್ಕುತ್ತಾರೆ. ಹಳದಿ ಹೋಗಿ ರಕ್ತಗೆಂಪಾಗುತ್ತದೆ, ಎಲ್ಲರೂ ಹೌಹಾರುತ್ತಾರೆ. ಓಕುಳಿ ನೀರಿಗೆ ಅರಿಶಿನ ಸುಣ್ಣ ಬೆರೆಸುವ ನಮಗೆ ಇದು ಆಶ್ಚರ್ಯವಾಗಬಾರದು. ಸುಣ್ಣದಂತೆ ಸೋಪೂ ಕ್ಷಾರ, ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ. ಪುಡಿಯಾಗಿ ಬಿದ್ದಿದ್ದರೆ ಕೊಡವಿ, ಒದ್ದೆಯಾಗಿದ್ದರೆ ಬಿಳಿ ಬಟ್ಟೆಯಲ್ಲಿ ಒತ್ತಿ ಹೀರಿಸಿ, ಹಾಗೇ ತನ್ನಿ. ಬಿಳಿ ಹತ್ತಿ ಪಂಚೆಗಾದರೆ ನಾನೇ ಬೇಡ, ಒಗೆದು ಬಿಸಿಲಿಗೆ ಹಾಕಿ, ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಸಾಂಬಾರು ಬಿದ್ದರೆ ಎಣ್ಣೆಯೂ ಉಂಟು, ಅರಿಶಿನವೂ ಉಂಟು, ಬೆಲ್ಲವೂ ಉಂಟು. ಎರಡು ಸುತ್ತಿನ ಕೆಲಸ, ಅದಕ್ಕೇ ದುಡ್ಡು ಹೆಚ್ಚು.

ಕಾಣದ ಕಲೆ ಇನ್ನೂ ಕೆಟ್ಟದ್ದು. ಬಂಗಾರಪೇಟೆ ಪಾನಿಪುರಿ ತಿನ್ನದೆ ಮದುವೆ ಮನೆಯಿಂದ ಹೊರಡುವವರು ನಮ್ಮಲ್ಲಿ ಕಡಿಮೆ. ನಮ್ಮ ಪಾನಿಯ ಹೆಗ್ಗಳಿಕೆಯೇ ಅದಕ್ಕೆ ಬಣ್ಣವಿಲ್ಲದಿರುವುದು, ನೋಡಿದರೆ ಬರೀ ನೀರು. ಸೀರೆಯ ಮೇಲೆ ಚೆಲ್ಲಿದರೂ ಒಣಗಿದ ಮೇಲೆ ಏನೂ ಕಾಣುವುದಿಲ್ಲ. ಎಳನೀರು, ಸೋಡ, ಐಸ್‌ಕ್ಯಾಂಡಿಯ ಹನಿಯೂ ಹಾಗೆಯೇ. ನಮ್ಮ ದ್ರಾವಣಕ್ಕೆ ಅವು ಬಿಡುವುದಿಲ್ಲ. ಒಣಗಿಸುವ ಬಿಸಿಗೋ ಇಸ್ತ್ರಿಗೋ ಸಿಕ್ಕ ಮೇಲೆ, ಒಮ್ಮೊಮ್ಮೆ ಬೀರುವಿನಲ್ಲಿ ಆರು ತಿಂಗಳು ಕೂತ ಮೇಲೆ, ಅದರಲ್ಲಿನ ಸಕ್ಕರೆ ಕಂದುಹಳದಿಯಾಗಿ ಎದ್ದು ಕಾಣುತ್ತದೆ. ಆಗ ನೀವು ‘ಅಂಗಡಿಯವರೇ ಕಲೆ ಮಾಡಿದ್ರು’ ಎನ್ನುತ್ತೀರಿ. ಎಲ್ಲಿ ಏನು ಚೆಲ್ಲಿತೆಂದು ಒಂದು ಚೀಟಿ ಬರೆದು ಪಿನ್ನು ಚುಚ್ಚದೆ ದಾರದಲ್ಲಿ ಕಟ್ಟಿ ಕೊಟ್ಟರೆ ಆ ಮಾತೇ ಹುಟ್ಟುವುದಿಲ್ಲ. ತಮಿಳಿನಲ್ಲಿ ಬರೆಯಿರಿ, ತೆಲುಗಿನಲ್ಲಿ ಬರೆಯಿರಿ, ಕೆ.ಜಿ.ಎಫ್.ನವನಿಗೆ ಓದಲು ಬರುತ್ತದೆ.

ಕೊಡುವ ಅಂಗಡಿಯನ್ನೂ ನಾಲ್ಕು ಮಾತು ಕೇಳಿ. ಇಲ್ಲೇ ಮಾಡುತ್ತೀರೋ, ಬೆಂಗಳೂರಿಗೆ ಕಳಿಸುತ್ತೀರೋ? ಯಾವ ದ್ರಾವಣ? ಬಿಲ್ಲಿನಲ್ಲಿ ಬಟ್ಟೆಯ ಬಣ್ಣ, ಮೊದಲೇ ಇರುವ ಹರಕು, ಕಲೆ ಬರೆಸಿಕೊಳ್ಳಿ. ಬಿಲ್ಲಿನ ಹಿಂದೆ ‘ನಾವು ಜವಾಬ್ದಾರರಲ್ಲ’ ಎಂದು ಅಚ್ಚಾಗಿದ್ದ ಮಾತ್ರಕ್ಕೆ ನಿಮ್ಮ ದೂರಿನ ಹಕ್ಕು ಹೋಗುವುದಿಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ನನ್ನ ಕಸುಬಿನವರಿಗೆ ಈ ಸಾಲು ಹಿಡಿಸುವುದಿಲ್ಲ ಎಂದು ಗೊತ್ತು, ಇರಲಿ. ಬಟ್ಟೆ ವಾಪಸು ಬಂದಾಗ ಪ್ಲಾಸ್ಟಿಕ್ ಕವರು ಕಿತ್ತು, ಗಾಳಿಯಾಡುವ ಕಡೆ ಒಂದು ದಿನ ತೂಗುಹಾಕಿ ಆಮೇಲೆ ಬೀರುವಿಗಿಡಿ. ವಾಸನೆ ಘಾಟಾಗಿದ್ದರೆ ದ್ರಾವಣ ಪೂರ್ತಿ ಆರಿಲ್ಲವೆಂದರ್ಥ, ವಾಪಸು ಕೊಡಿ. ಪರ್ಕ್‌ಅನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿಟ್ಟಿದೆ. ಅಮೆರಿಕದ ಪರಿಸರ ಸಂಸ್ಥೆ ಡ್ರೈಕ್ಲೀನಿಂಗ್‌ನಲ್ಲಿ ಅದರ ಬಳಕೆಯನ್ನು ಹತ್ತು ವರ್ಷದಲ್ಲಿ ನಿಲ್ಲಿಸುವ ನಿಯಮವನ್ನು 2024ರ ಡಿಸೆಂಬರಿನಲ್ಲಿ ಹೊರಡಿಸಿತು. ವರ್ಷಕ್ಕೆರಡು ಸಲ ಸೀರೆ ಕೊಡುವ ನಿಮಗಿಂತ ದಿನವಿಡೀ ಅದರ ಆವಿಯಲ್ಲಿ ನಿಲ್ಲುವ ನನ್ನಂಥವರಿಗೆ ಅದರ ಭಯ ಹೆಚ್ಚು. ಬೇಡದ ಬಟ್ಟೆ ಕೊಡಬೇಡಿ ಎನ್ನುವುದರಲ್ಲಿ ನನ್ನ ಸ್ವಾರ್ಥವೂ ಇದೆ ಎಂದು ತಿಳಿದುಕೊಳ್ಳಿ.

ಕೊನೆಯದಾಗಿ, ಈ ಕಾಗದದಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ. ‘ಪೆಟ್ರೋಲ್ ವಾಷ್’ ಎಂಬ ಮಾತು ಕೇಳಿ, ಬೈಕಿನಿಂದ ಒಂದು ಬಾಟಲಿ ಪೆಟ್ರೋಲ್ ಇಳಿಸಿ ಮನೆಯಲ್ಲೇ ಸೀರೆ ಅದ್ದುವವರು ಇದ್ದಾರೆ. ಅಂಗಡಿಯವರು ಬಳಸುವ ಟರ್ಪೆಂಟೈನ್ ಸುಮಾರು 38 ಡಿಗ್ರಿಗೂ ಮೇಲೆ ಬಿಸಿಯಾದಾಗ ಮಾತ್ರ ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ. ಪೆಟ್ರೋಲ್ ಹಾಗಲ್ಲ, ಮಂಜುಗಡ್ಡೆಗಿಂತ ತಣ್ಣಗಿದ್ದರೂ ಆವಿ ಬಿಡುತ್ತಲೇ ಇರುತ್ತದೆ. ಆ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು, ಹೊಸ್ತಿಲು ದಾಟಿ, ಪಕ್ಕದ ಕೋಣೆಯ ಒಲೆಯನ್ನೋ ದೇವರ ದೀಪವನ್ನೋ ತಲುಪುತ್ತದೆ. ಬೆಂಕಿ ಅಲ್ಲಿ ಹತ್ತಿ ಇಲ್ಲಿಗೆ ಬರುತ್ತದೆ. ರೇಷ್ಮೆ, ಪಾಲಿಯೆಸ್ಟರ್ ಉಜ್ಜುವಾಗ ಏಳುವ ಕಿಡಿಯೊಂದೇ ಸಾಕಾಗುವುದೂ ಉಂಟು. ನಮ್ಮ ಗಣಿ ಲೈನ್ ಮನೆಗಳಲ್ಲಿ ಅಡುಗೆ, ಮಲಗುವುದು, ಮಕ್ಕಳ ಓದು ಎಲ್ಲ ಒಂದೂವರೆ ಕೋಣೆಯಲ್ಲಿ, ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡೇ ಇವೆ. ಒಂದು ಮನೆಗೆ ಹತ್ತಿದರೆ ಸಾಲಿಗೇ ಹತ್ತುತ್ತದೆ.

ಮನೆಯಲ್ಲಿ ಪೆಟ್ರೋಲಿನಲ್ಲಿ ಬಟ್ಟೆ ಅದ್ದಬೇಡಿ. ಯಾರಾದರೂ ಅದ್ದುತ್ತಿದ್ದರೆ ತಡೆಯಿರಿ. ಕಾಸಿಲ್ಲವೆಂದು ಹಾಗೆ ಮಾಡುವವರಿದ್ದರೆ ಸೀರೆಯನ್ನು ನನ್ನ ಕೈಗೆ ಕೊಡಿ, ಕಾಸು ಸಂಬಳ ಬಂದ ಮೇಲೆ ಕೊಟ್ಟರಾಯಿತು.

ಇಂತಿ ನಿಮ್ಮ ಸಹಪ್ರಯಾಣಿಕ,
ಕೋರಮಂಡಲ್ ಸ್ಟೇಷನ್ನಿನಲ್ಲಿ ಹತ್ತುವ ಲಾಂಡ್ರಿ ಅಣ್ಣ